೧೮೬ ರೊಟ್ಟಿಗಳ ಸಲುವಾಗಿ ೯೩ ದಿನಗಳ ರಜೆ

ಇಂದ,
ಶಂಕ್ರೆಪ್ಪ, ಡ್ರಿಲ್ಲಿಂಗ್ ಆಪರೇಟರ್,
ವಿಮಾನ ಬಿಡಿಭಾಗಗಳ ಕಾರ್ಖಾನೆ, ಜಹೀರಾಬಾದ್.

ಗೆ,
ವ್ಯವಸ್ಥಾಪಕರು, ಸದರಿ ಕಾರ್ಖಾನೆ.

ವಿಷಯ: ಹೆಂಡತಿಯನ್ನು ಮರಳಿ ಕರೆತರಲು ರೊಟ್ಟಿ ತಿನ್ನುವ ರಜೆ ಕೋರಿ.

ಉಲ್ಲೇಖ: ೧) ಆಧಾರ ಹಲಗೆ ಕೇಳಿ ಸ್ಟೋರ್ಸ್ ವಿಭಾಗಕ್ಕೆ ಬರೆದ ಮೂರು ಪತ್ರಗಳು (ಉತ್ತರ ಬಂದಿಲ್ಲ). ೨) ತಾವು ನನಗೆ ನೀಡಿದ ‘ಶೂನ್ಯ ದೋಷ’ ಪ್ರಶಸ್ತಿ.

ಮಾನ್ಯರೇ,

೧. ವಿಮಾನಕ್ಕೆ ಹೋಗುವ ಕಾರ್ಬನ್ ನಾರಿನ ಪ್ಲಾಸ್ಟಿಕ್ ಫಲಕಗಳಿಗೆ ತೂತು ಕೊರೆಯುವುದು ನನ್ನ ಕೆಲಸ. ಬಿಸಿ ಹೆಚ್ಚಿದರೆ ಪ್ಲಾಸ್ಟಿಕ್ ಕರಗುತ್ತದೆ. ಡ್ರಿಲ್ ಆಚೆ ಬರುವಾಗ ಹಿಂಬದಿಯ ಪದರು ಬಿಚ್ಚಿ ನಾರು ಕಿತ್ತೇಳುತ್ತದೆ. ಫಲಕದ ಕೆಳಗೆ ಆಧಾರ ಹಲಗೆ ಕೊಟ್ಟರೆ ಏಳುವುದಿಲ್ಲ. ಹಲಗೆ ಮುಗಿದು ನಾಲ್ಕು ತಿಂಗಳಾಯಿತು.

೨. ಮೊದಲು ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಕೊರೆದವನಾದ ಕಾರಣ, ಕೆಳಗೆ ಒತ್ತು ಕೊಡದೆ ಕೊರೆಯಲು ನನಗೆ ಕೈ ಬರುವುದಿಲ್ಲ. ಆದ್ದರಿಂದ ಬುತ್ತಿಯಲ್ಲಿದ್ದ ಕಡಕ್ ಜೋಳದ ರೊಟ್ಟಿಯನ್ನೇ ಹಲಗೆಯ ಬದಲು ಇಟ್ಟೆ. ನನ್ನ ಹೆಂಡತಿ ಭಾಗ್ಯ ಬಡಿದ ರೊಟ್ಟಿ ಅಂಚಿನಿಂದ ಅಂಚಿಗೆ ಒಂದೇ ದಪ್ಪ. ಒಂದು ನಾರೂ ಏಳಲಿಲ್ಲ. ಅಂದಿನಿಂದ ಫಲಕಕ್ಕೊಂದು ರೊಟ್ಟಿ. ನನಗೆ ಕ್ಯಾಂಟೀನಿನ ಬಿರಿಯಾನಿ.

೩. ದಿನಾ ಸಂಜೆ ಭಾಗ್ಯ, “ರೊಟ್ಟಿ ಹ್ಯಾಂಗಿದ್ದುವ್ರಿ?” ಎನ್ನುವಳು. “ಭಾಳ ಛಲೋ ಇದ್ದುವು” ಎನ್ನುತ್ತಿದ್ದೆ. ಕೆಲಸದ ದೃಷ್ಟಿಯಿಂದ ಅದು ಸುಳ್ಳಲ್ಲ.

೪. ಪ್ರಶಸ್ತಿಯ ದಿನ ನಮ್ಮ ಮೇಸ್ತ್ರಿ ಭೀಮಶಾ ಅವರು ಸಮಾರಂಭಕ್ಕೆ ಬಂದಿದ್ದ ಭಾಗ್ಯಳಿಗೆ ಕೈಮುಗಿದು, “ಅಕ್ಕಾ, ಎಲ್ಲಾ ನಿಮ್ಮ ರೊಟ್ಟಿ ಪುಣ್ಯಾರಿ. ಒಂದೂ ತಿನ್ನಲಾರ್ದ ಮಷೀನಿಗೇ ಇಟ್ಟಾನ” ಎಂದರು. ಅವರ ಉದ್ದೇಶ ಒಳ್ಳೆಯದೇ.

೫. ಅದೇ ಸಂಜೆ ಭಾಗ್ಯ ಕಂಗ್ಟಿಯ ತವರಿಗೆ ಹೋದಳು. ಕರೆಯಲು ಹೋದಾಗ ಹೇಳಿದ್ದು: “ರೊಟ್ಟಿಗಿ ಭೋಕ ಕೊರದಿದ್ದಕ್ಕ ಸಿಟ್ಟಿಲ್ರಿ. ನಸುಕಿನ್ಯಾಗ ಎದ್ದು ಬಡಿತಿದ್ದೆ, ತಿಂದೀನಿ ಅಂತ ಸುಳ್ಳು ಹೇಳಿದ್ರಿ. ಮಷೀನಿಗಿ ಎಷ್ಟು ಹಾಕೀರಿ ಅಷ್ಟೂ ನನ್ನ ಮುಂದ ಕುಂತು ತಿನ್ರಿ, ಆಮ್ಯಾಲೆ ಬರ್ತೀನಿ.” ನಲವತ್ತು ಎಂದೆ. “ರಿಜಿಸ್ಟರ್ ತರ್ರಿ” ಎಂದಳು.

೬. ರಿಜಿಸ್ಟರಿನ ಪ್ರಕಾರ ಫಲಕಗಳು ೧೮೬. ನನ್ನ ಹಲ್ಲಿನ ಶಕ್ತಿ ದಿನಕ್ಕೆರಡು. ತಪ್ಪು ನನ್ನದೇ. ಅವಳಿಲ್ಲದೆ ಮನೆ ಬಿಕೋ ಎನ್ನುತ್ತಿದೆ, ಬಿರಿಯಾನಿಯೂ ರುಚಿಸುತ್ತಿಲ್ಲ.

ಆದ್ದರಿಂದ ೯೩ ದಿನಗಳ ರಜೆ ಹಾಗೂ ರಿಜಿಸ್ಟರಿನ ದೃಢೀಕೃತ ನಕಲು ದಯಪಾಲಿಸಬೇಕು. ನನ್ನ ಜಾಗಕ್ಕೆ ಬರುವವರು ತಮ್ಮ ಮನೆಯ ಬುತ್ತಿ ಮುಟ್ಟದಂತೆ ಆದೇಶಿಸಬೇಕು.

ಎರಡು ಹೊತ್ತೂ ಕ್ಯಾಂಟೀನಿನಲ್ಲೇ ಉಣ್ಣುತ್ತಿರುವ,
ತಮ್ಮ ವಿಶ್ವಾಸಿ,
ಶಂಕ್ರೆಪ್ಪ

ಲಗತ್ತುಗಳು:
೧) ಪ್ರಶಸ್ತಿ ಪತ್ರ, ಮೂಲ ಪ್ರತಿ.
೨) ಹನ್ನೆರಡು ತೂತುಗಳಿರುವ ರೊಟ್ಟಿ, ಒಂದು.

ವಿ.ಸೂ.: ಮೊದಲನೆಯ ಲಗತ್ತು ತಮ್ಮಲ್ಲೇ ಇರಲಿ. ಎರಡನೆಯದನ್ನು ಪರಿಶೀಲಿಸಿ ಮರಳಿಸಬೇಕಾಗಿ ಕೋರಿಕೆ. ಅದು ೧೮೬ರಲ್ಲಿ ಸೇರಿದ್ದು, ಮೊದಲು ಅದನ್ನೇ ತಿನ್ನಬೇಕೆಂದು ಭಾಗ್ಯಳ ಆದೇಶವಿದೆ.