ಮೇಷ್ಟ್ರ ಪ್ರಾರ್ಥನೆಗೆ ಕತ್ತರಿ

ತರೀಕೆರೆಯ ಪುಟ್ಟ ಪ್ರಾರ್ಥನಾಲಯದಲ್ಲಿ ಜ್ಞಾನಮಿತ್ರ ಮೇಷ್ಟ್ರು ಪ್ರಾರ್ಥನೆಗೆ ಎದ್ದುನಿಂತರೆ ಸಾಕು, ಸಭೆಗೆ ಸಭೆಯೇ ಒಳಗೊಳಗೇ ನಿಟ್ಟುಸಿರು ಬಿಡುತ್ತಿತ್ತು. ಮೇಷ್ಟ್ರು ಪ್ರತಿ ಭಾನುವಾರ ಅಜ್ಜಂಪುರದಿಂದ ಬಸ್ಸು ಹತ್ತಿ ಬರುವವರು. ಅವರ ಪ್ರಾರ್ಥನೆ ಸಮುದ್ರದಾಚೆಯ ದೊರೆಗಳಿಂದ ಹೊರಟು, ಮೈಸೂರು ಸೀಮೆಗೆ ಇಳಿದು, ಲಕ್ಕವಳ್ಳಿಯಲ್ಲಿ ಅಣೆಕಟ್ಟು ಕಟ್ಟುತ್ತಿದ್ದ ಕೂಲಿಯವರ ಯೋಗಕ್ಷೇಮ ವಿಚಾರಿಸಿಕೊಂಡು, ಕೊನೆಗೆ ಸಭೆಯವರ ಮನೆಯ ಕೆಮ್ಮು, ನೆಗಡಿ, ಹಾಲು ಕೊಡದ ಎಮ್ಮೆಗಳ ತನಕ ಬರುತ್ತಿತ್ತು. ಹೋದ ಕ್ರಿಸ್‌ಮಸ್ಸಿನ ಊಟದಲ್ಲಿ ಎಲೆಗೆ ಬಡಿಸಿದ ತುಪ್ಪ ಆಮೆನ್ ಬರುವಷ್ಟರಲ್ಲಿ ಮೇಣದಂತೆ ಗಟ್ಟಿಯಾಗಿತ್ತು, ಹಸಿದ ಕೂಸುಗಳು ಅಳತೊಡಗಿದ್ದವು.

ದರ್ಜಿ ಸಮುವೇಲಪ್ಪನಿಗೆ ಮಾತ್ರ ಆ ಪ್ರಾರ್ಥನೆ ಎಂದೂ ಭಾರವೆನಿಸಿರಲಿಲ್ಲ. ಮುಂದಿನ ಬೆಂಚಿನಲ್ಲಿ ಕೂತು ಕಣ್ಣು ಮುಚ್ಚಿದರೆ, ತೀರಿಕೊಂಡ ಹೆಂಡತಿ ಮಾರ್ತಮ್ಮ ಭದ್ರಾ ಹೊಳೆಯ ಮರಳಿನ ಮೇಲೆ ಸೆರಗು ಒಣಗಿಸಿಕೊಳ್ಳುತ್ತಾ ನಡೆದು ಬರುತ್ತಿದ್ದಳು. ಬೆಳಕು ಹಾಲಿನಂತಿರುತ್ತಿತ್ತು. ಅವಳು ಏನೋ ಹೇಳುತ್ತಿದ್ದಳು, ಇವನು ಹೂಂಗುಡುತ್ತಿದ್ದ. ಇದಕ್ಕೆ ಧ್ಯಾನವೆನ್ನುತ್ತಾರೆಂದು ಅವನು ನಂಬಿಕೊಂಡಿದ್ದ.

ಆ ಭಾನುವಾರ ಮೇಷ್ಟ್ರಿಗೆ ಜ್ವರ, ಬಂದಿರಲಿಲ್ಲ. ಪಾದ್ರಿಗಳು, ಸಹೋದರನ ತಪ್ಪು ಕಂಡೂ ಸುಮ್ಮನಿರುವುದು ಪ್ರೀತಿಯಲ್ಲ, ಒಬ್ಬರೇ ಹೋಗಿ ಮೃದುವಾಗಿ ತಿದ್ದುವುದು ಕ್ರೈಸ್ತನಾದವನ ಕರ್ತವ್ಯ ಎಂದು ಬೋಧಿಸಿದರು. ಆರಾಧನೆ ಮುಗಿದದ್ದೇ ತಡ, ಎಲ್ಲರೂ ಸಮುವೇಲಪ್ಪನನ್ನು ಸುತ್ತಿಕೊಂಡರು. ಪ್ರಾರ್ಥನೆ ಮೊಟಕು ಮಾಡಿ ಎಂದು ಮೇಷ್ಟ್ರಿಗೆ ಮೃದುವಾಗಿ ಹೇಳಲು ಅವನನ್ನು ಬಿಟ್ಟರೆ ಇನ್ಯಾರು? ಬಟ್ಟೆ ಕತ್ತರಿಸುವಾಗಲೂ ಅದಕ್ಕೆ ನೋವಾಗುತ್ತದೇನೋ ಎಂಬಂತೆ ಕತ್ತರಿ ಆಡಿಸುವವನು. ಇನ್ನೊಂದು ಕ್ರಿಸ್‌ಮಸ್ ಹತ್ತಿರ ಬಂದಿತ್ತು. ಬೇಡವೆನ್ನಲು ಬಾಯಿ ಬರದೆ ಸಮುವೇಲಪ್ಪ ತಲೆಯಾಡಿಸಿದ.

ಮರುದಿನ ಬೆಳಗ್ಗೆ ಅವನು ಹೊರಟಾಗ ಸುದ್ದಿ ಬೀದಿಗೆಲ್ಲ ಗೊತ್ತಾಗಿತ್ತು. ಪಕ್ಕದ ಮನೆಯ ಗುರುಶಾಂತಮ್ಮ ಬಾಗಿಲಿಗೇ ಬಂದು ಕೊಬ್ಬರಿ ಮಿಠಾಯಿಯ ಪೊಟ್ಟಣ ಕೈಗಿಟ್ಟಳು. ಅವಳ ಮಠದ ಸ್ವಾಮಿಗಳು ಯಾರನ್ನೇ ಗದರಿದರೂ ಮೊದಲು ಪ್ರಸಾದ ಕೊಡುತ್ತಾರಂತೆ.

"ಬಾಯಿ ಸಿಹಿ ಮಾಡಿ ಆಮೇಲೆ ಹೇಳು, ಸಮುವೇಲಣ್ಣ. ಸಿಹಿ ತಿಂದ ಬಾಯಲ್ಲಿ ಯಾರೂ ಬೈಯಕ್ಕಿಲ್ಲ," ಎಂದಳು.

ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಬಸ್ಸು ಅದರೊಳಗೆ ಕನಸಿನಲ್ಲಿ ನಡೆಯುವ ಮುದಿ ಎಮ್ಮೆಯಂತೆ ಸಾಗಿತು. ಪಕ್ಕದಲ್ಲಿ ಕೂತಿದ್ದ ತೆಂಗಿನಕಾಯಿ ವ್ಯಾಪಾರಿ ಶಿವಮೂರ್ತಪ್ಪ, ಕಡೂರಿನಲ್ಲಿ ನಡೆದ ಮಗಳ ಮದುವೆಯ ಕತೆಯನ್ನು ಹೆಣ್ಣು ನೋಡುವ ಶಾಸ್ತ್ರದಿಂದ ಶುರುಮಾಡಿದ. ಸಮುವೇಲಪ್ಪ ಕಿಟಕಿಯಾಚೆ ತೇಲುವ ಹೊಲಗಳನ್ನು ನೋಡುತ್ತಾ ಮೇಷ್ಟ್ರಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೊಲಿಯುತ್ತಿದ್ದ. ಕೊನೆಗೊಮ್ಮೆ ಹೊಲಿಗೆ ಸರಿಯಾಗಿ ಕೂತಿತು. ಆ ಖುಷಿಯಲ್ಲಿ ಅದು ಬಾಯಿಂದಲೇ ಹೊರಬಿತ್ತು.

"ನಿಮ್ಮದು ಸ್ವಲ್ಪ ಉದ್ದ ಆಯ್ತು. ಬೇಜಾರು ಮಾಡ್ಕೋಬೇಡಿ, ಒಂಚೂರು ಮೊಟಕು ಮಾಡಿ."

ಶಿವಮೂರ್ತಪ್ಪನ ಕತೆ ಧಾರೆಯ ಹೊತ್ತಿಗೆ ಬಂದಿತ್ತು. ಅಲ್ಲೇ ನಿಂತಿತು. ಅವನ ಮುಖ ಊದಿಕೊಂಡಿತು. ತಾನೇನು ಕಾಸು ಕೊಟ್ಟು ಕೇಳಿ ಎಂದೆನೇ ಎಂದು ಇಡೀ ಬಸ್ಸಿಗೆ ಕೇಳುವಂತೆ ಗೊಣಗಿದ. ಹಿಂದಿನ ಸೀಟಿನವರು ಅವನ ಪರ ವಹಿಸಿದರು, ಕಂಡಕ್ಟರನೂ ಟಿಕೇಟು ಹರಿಯುವುದನ್ನು ಬಿಟ್ಟು ನ್ಯಾಯಕ್ಕೆ ಬಂದ. ಸಮುವೇಲಪ್ಪ ಗಾಬರಿಬಿದ್ದು ಪೊಟ್ಟಣ ಬಿಚ್ಚಿ ಮುಂದೆ ಹಿಡಿದ. ಶಿವಮೂರ್ತಪ್ಪನ ಸಿಟ್ಟು ಇಳಿಯಲು ಮಿಠಾಯಿಯ ಮುಕ್ಕಾಲು ಪಾಲು ಬೇಕಾಯಿತು, ಮಿಕ್ಕದ್ದು ನ್ಯಾಯ ಹೇಳಿದವರಿಗೆ ಹೋಯಿತು. ಮದುವೆಯ ಕತೆ ಹೆಣ್ಣು ನೋಡುವ ಶಾಸ್ತ್ರದಿಂದ ಮತ್ತೆ ಮೊದಲಾಯಿತು.

ದಾರಿಯಲ್ಲಿ ಚಕ್ರವೂ ಪಂಕ್ಚರಾಗಿ, ಅಜ್ಜಂಪುರ ಸೇರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಸಂಜೆ ತರೀಕೆರೆಗೆ ಇದೇ ಕೊನೆಯ ಬಸ್ಸು, ತಡಮಾಡಬೇಡಿ ಎಂದು ಕಂಡಕ್ಟರ್ ಎಚ್ಚರಿಸಿ ಇಳಿಸಿದ.

ಜ್ವರ ಇಳಿದು ಜಗಲಿಯ ಮೇಲೆ ಕೂತಿದ್ದ ಮೇಷ್ಟ್ರು ಇವನನ್ನು ಕಂಡು ಮಗುವಿನಂತೆ ಹಿಗ್ಗಿದರು. ಇಷ್ಟು ದೂರ ನೋಡಲು ಬಂದವನು ನೀನೊಬ್ಬನೇ ಎಂದು ಎರಡು ಸಲ ಹೇಳಿದರು. ಸಮುವೇಲಪ್ಪ ಕಾಫಿ ಕುಡಿದು, ಕಣ್ಣು ನೆಲಕ್ಕೆ ನೆಟ್ಟು, "ನಿಮ್ಮದು ಸ್ವಲ್ಪ ಉದ್ದ ಆಯ್ತು ಮೇಷ್ಟ್ರೇ," ಎಂದ.

ಮೇಷ್ಟ್ರು ಖುಷಿಯಿಂದ ತೊಡೆ ತಟ್ಟಿಕೊಂಡರು. ಹೌದು, ತಾವೇ ಹೇಳಬೇಕೆಂದಿದ್ದರಂತೆ. ಒಳಗೆ ಹೋಗಿ, ಇವನೇ ಹೊಲಿದುಕೊಟ್ಟಿದ್ದ ಕೋಟು ತಂದು ತೊಟ್ಟು ನಿಂತರು. ತೋಳು ಬೆರಳ ತುದಿಯನ್ನು ಮುಚ್ಚಿತ್ತು. ಸಮುವೇಲಪ್ಪ ಸೂಜಿದಾರ ಕೇಳಿ ಪಡೆದು, ಜಗಲಿಯಲ್ಲಿ ಕೂತು ಎರಡೂ ತೋಳುಗಳನ್ನು ಮಡಿಸಿ ಹೊಲಿದುಕೊಟ್ಟ.

ಬಿಸಿಲು ಅಂಗಳದ ಅಂಚಿಗೆ ಜಾರಿತ್ತು. ಅವನು ಇದ್ದಬದ್ದ ಧೈರ್ಯವನ್ನೆಲ್ಲ ಗಂಟಲಿಗೆ ತಂದುಕೊಂಡು, ತಾನು ಬಂದದ್ದು ಕೋಟಿಗಲ್ಲ, ಪ್ರೀತಿಯಿಂದ ಒಂದು ಮಾತು ಹೇಳಲಿಕ್ಕೆ ಎಂದ. ಮೇಷ್ಟ್ರ ಮುಖ ಗಂಭೀರವಾಯಿತು. ಅಂಥ ಮಾತಾದರೆ ಮೊದಲು ಪ್ರಾರ್ಥನೆ ಮಾಡೋಣ ಎಂದು ಕೈಮುಗಿದರು.

ಸಮುವೇಲಪ್ಪ ಕಣ್ಣು ಮುಚ್ಚಿದ. ಮೇಷ್ಟ್ರ ದನಿ ದೂರದ ದುಂಬಿಯಂತೆ ಗುಂಯ್‌ಗುಟ್ಟಿತು. ಮರಳು ಬೆಚ್ಚಗಿತ್ತು. ಹೊಳೆಯ ಮೇಲೆ ಬೆಳಕು ನಿಂತಿತ್ತು. ಮಾರ್ತಮ್ಮ ಬಂದಳು, ಇವತ್ತು ಅವಳ ಮಡಿಲ ತುಂಬ ಬಿಳಿ ಹೂವಿತ್ತು. ಅವಳು ಒಂದೊಂದೇ ಹೂವನ್ನು ನೀರಿಗೆ ಬಿಡುತ್ತಿದ್ದಳು, ಅವು ಎಲ್ಲಿಗೆ ಹೋಗುತ್ತವೆಂದು ಇವನು ನೋಡುತ್ತಿದ್ದ.

ಕಣ್ಣು ಬಿಟ್ಟಾಗ ಮೇಷ್ಟ್ರು ಅವನನ್ನೇ ನೋಡುತ್ತಿದ್ದರು. ಕೂಡಲೇ "ಆಮೆನ್" ಎಂದರು. ಆಮೇಲೆ ತುಸು ಸಂಕೋಚದಿಂದ ಇವನ ಕೈ ಹಿಡಿದುಕೊಂಡರು.

"ಸಮುವೇಲಪ್ಪ, ನಿನ್ ಮಾತಿಗೆ ಮುಂಚೆ ನಂದೊಂದು. ಪ್ರೀತಿಯಿಂದ ಹೇಳ್ತೀನಿ, ತಪ್ಪು ತಿಳ್ಕೋಬೇಡ. ನೀನು ಪ್ರಾರ್ಥನೇಲಿ ನಿದ್ದೆ ಮಾಡ್ತೀಯಪ್ಪ."

ಸಮುವೇಲಪ್ಪ ಕಣ್ಣುಜ್ಜಿಕೊಂಡ. ಮೇಷ್ಟ್ರು ಮುಂದುವರಿಸಿದರು.

"ಎಲ್ರೂ ಕಣ್ಮುಚ್ಚಿರ್ತಾರೆ, ನಾನೊಬ್ಬ ನೋಡ್ತೀನಿ. ಆಮೆನ್ ಅಂದ್ಬಿಟ್ರೆ ಎಲ್ರೂ ಕಣ್ಬಿಡ್ತಾರೆ, ಮುಂದಿನ ಬೆಂಚಲ್ಲಿ ನೀನು ತೂಕಡಿಸ್ತಾ ಸಿಕ್ಕಿಬೀಳ್ತೀಯ. ಅದಕ್ಕೇ ನೀನು ಏಳೋ ತನಕ ಎಳೀತಾ ಹೋಗ್ತೀನಿ. ಹೇಳೋಕೆ ವಿಷಯ ಇಲ್ದೆ ಎಮ್ಮೆಗೋಸ್ಕರಾನೂ ಪ್ರಾರ್ಥನೆ ಮಾಡಿದ್ದೀನಿ. ಹೆಂಡ್ತಿ ಹೋದ್ಮೇಲೆ ರಾತ್ರಿ ನಿದ್ದೆ ಇಲ್ವೇನೋ ಅಂತ ಹೇಳೋಕೆ ಮನಸ್ಸೇ ಬರ್ಲಿಲ್ಲ." ಅವನ ಕೈ ಬಿಟ್ಟು ಕೇಳಿದರು, "ಈಗ ನಿನ್ ಮಾತು ಹೇಳು."

ತುಪ್ಪ ಗಟ್ಟಿಯಾದದ್ದು, ಕೂಸುಗಳು ಅತ್ತದ್ದು, ಸಭೆಯ ಅಷ್ಟೂ ನಿಟ್ಟುಸಿರು ಒಟ್ಟಾಗಿ ಬಂದು ಸಮುವೇಲಪ್ಪನ ಹೆಗಲ ಮೇಲೆ ಕೂತವು. ಅವನು, ತಾನು ಬಂದದ್ದೂ ಅದನ್ನೇ ಒಪ್ಪಿಕೊಳ್ಳಲು, ಇನ್ನು ಮೇಲೆ ಪ್ರಾರ್ಥನೆಯಲ್ಲಿ ಒಂದು ಗಳಿಗೆಯೂ ಕಣ್ಣು ಮುಚ್ಚುವುದಿಲ್ಲ ಎಂದು ಮೆಲ್ಲಗೆ ಹೇಳಿದ.

ಮೇಷ್ಟ್ರ ಕಣ್ಣು ತುಂಬಿ ಬಂತು. ಇಂಥ ಸಹೋದರನನ್ನು ಕೊಟ್ಟದ್ದಕ್ಕೆ ಕೃತಜ್ಞತೆ ಹೇಳದೆ ಏಳಬಾರದು ಎಂದು ಅವರು ಮತ್ತೆ ಕೈಮುಗಿದರು. ಈ ಸಲ ನಿದ್ದೆಯಿಂದ ಏಳಲೆಂದು ಕಾಯಬೇಕಾದವರು ಯಾರೂ ಇರಲಿಲ್ಲ, ಅವರಿಗೆ ಕಣ್ಣು ತೆರೆದು ನೋಡುವ ಅಗತ್ಯವೂ ಇರಲಿಲ್ಲ. ಹೃದಯ ತುಂಬಿದ ಮೇಷ್ಟ್ರು ಸೃಷ್ಟಿಯ ಮೊದಲ ದಿನದಿಂದ ಶುರುಮಾಡಿದರು. ಬೀದಿಯ ಕೊನೆಯಲ್ಲಿ ಬಸ್ಸು ಹಾರನ್ ಹೊಡೆಯಿತು, ಸ್ವಲ್ಪ ತಡೆದು ಮತ್ತೊಮ್ಮೆ ಹೊಡೆದು ಹೊರಟೇಹೋಯಿತು. ಸಂಜೆಯ ಬೆಳಕಿನಲ್ಲಿ ಅದರ ಧೂಳು ಬಂಗಾರದ ಹುಡಿಯಂತೆ ಮೇಲೆದ್ದು ನಿಧಾನವಾಗಿ ನೆಲಕ್ಕಿಳಿಯುವುದನ್ನು ಸಮುವೇಲಪ್ಪ ಎರಡೂ ಕಣ್ಣು ಅಗಲಕ್ಕೆ ಬಿಟ್ಟುಕೊಂಡು ನೋಡುತ್ತಾ ಕೂತ.