ಸ್ಟ್ಯಾಶ್‌ನಲ್ಲಿಟ್ಟ ಅರ್ಧ ಕೆಲಸಗಳು

ಅರ್ಧ ಮಾಡಿದ ಕೆಲಸವನ್ನು ಬದಿಗೆ ಇಟ್ಟರೆ ಅದು ಇಟ್ಟಲ್ಲೇ ಸುಮ್ಮನೆ ಕೂರುತ್ತದೆ ಎಂದು ನಂಬಿದವರು ನಮ್ಮ ಮಣಿಪಾಲದ ಆಫೀಸಿಗೆ ಒಮ್ಮೆ ಬರಬೇಕು. ನಾವು ಹೋಟೆಲುಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವವರು. ಕೋಡ್ ಬರೆಯುತ್ತಾ ಅರ್ಧದಲ್ಲಿರುವಾಗ ಬೇರೆ ತುರ್ತು ಬಂದರೆ, ಆ ಅರ್ಧವನ್ನು, ನಮ್ಮ ಕೋಡನ್ನೆಲ್ಲ ಕಾಪಿಡುವ ಗಿಟ್ ಎಂಬ ಸಾಫ್ಟ್‌ವೇರಿನಲ್ಲಿ ಬದಿಗಿಟ್ಟು ಆಮೇಲೆ ಹೊರಗೆ ತೆಗೆಯಬಹುದು. ಇದಕ್ಕೆ ಸ್ಟ್ಯಾಶ್ ಎನ್ನುತ್ತೇವೆ. ಇಡುವುದು ಸುಲಭ. ಫಜೀತಿಯೆಲ್ಲ ತೆಗೆಯುವಾಗ.

ನಾಮಕರಣ

ಕಾರ್ಕಳದಿಂದ ಬರುವ ಸಹೋದ್ಯೋಗಿಯೊಬ್ಬರು ಕಂಡದ್ದನ್ನೆಲ್ಲ ಸ್ಟ್ಯಾಶ್ ಮಾಡುತ್ತಿದ್ದರು. ಯಾವುದಕ್ಕೂ ಹೆಸರಿಲ್ಲ. ಬೇಕಾದದ್ದನ್ನು ಹುಡುಕುವುದರಲ್ಲೇ ಒಂದು ದಿನ ಊಟದ ಹೊತ್ತಾಯಿತು.

"ಇಡುವಾಗ ಒಂದೊಂದು ಹೆಸರು ಬರೆಯಿರಿ ಮಾರಾಯ್ರೇ," ಎಂದೆ.

"ಅಷ್ಟೇ ಅಲ್ವಾ? ಬರೀತೇನೆ."

ಮಾತಿಗೆ ತಪ್ಪಲಿಲ್ಲ. ಮುಂದಿನ ವಾರ ತೆರೆದು ನೋಡಿದರೆ ಸಾಲಾಗಿ ಹೆಸರುಗಳು: "ಮೊನ್ನೆಯದ್ದು", "ಅದೇ", "ಅದರದ್ದು ಇನ್ನೊಂದು", "ಇದು ಅಲ್ಲ".

ನಮಗೆ ಬೇಕಾದದ್ದು "ಇದು ಅಲ್ಲ" ಎಂಬುದರೊಳಗೆ ಇತ್ತು.

ಮಾಸ್ಟರ್

ಎಲ್ಲರ ಕೋಡ್ ಕೊನೆಗೆ ಬಂದು ಸೇರುವ ಮುಖ್ಯ ಜಾಗಕ್ಕೆ ನಮ್ಮಲ್ಲಿ ಮಾಸ್ಟರ್ ಎಂದು ಹೆಸರು. ಒಮ್ಮೆ ಕಟಪಾಡಿಯಲ್ಲಿ ಬಸ್ಸು ಹತ್ತಿ ಕೂತದ್ದೇ, ಆಫೀಸಿನ ಗೆಳತಿಯ ಫೋನು. ಕೈಯಲ್ಲಿದ್ದ ಕೆಲಸ ಮುಗಿದಿಲ್ಲ, ಬೇರೊಂದು ತಪ್ಪು ಈಗಲೇ ಸರಿ ಮಾಡಬೇಕು, ಏನು ಮಾಡಲಿ ಎಂದು ಗಾಬರಿ. ಬಸ್ಸಿನ ಹಾಡಿನ ಗಲಾಟೆಯಲ್ಲಿ ನಾನು ಕೂಗಿ ಹೇಳಿದೆ: "ಅರ್ಧ ಆದದ್ದನ್ನು ಮಾಸ್ಟರ್‌ಗೆ ಕೊಡಬೇಡ! ಬಚ್ಚಿಡು! ಮಾಸ್ಟರ್‌ಗೆ ಗೊತ್ತೇ ಆಗುವುದಿಲ್ಲ!"

ಫೋನ್ ಇಟ್ಟಾಗ ಪಕ್ಕದ ಸೀಟಿನ ಹಿರಿಯರು ನನ್ನನ್ನೇ ನೋಡುತ್ತಿದ್ದರು.

"ಕೋಪ ಮಾಡಬೇಡಿ ಅಮ್ಮ. ನಾನೂ ಮಾಸ್ಟ್ರಾಗಿ ರಿಟೈರ್ ಆದವ. ಮಕ್ಕಳಿಗೆ ಹಾಗೆ ಹೇಳಿಕೊಡಬಾರದು."

"ಮಕ್ಕಳಿಗಲ್ಲ ಸಾರ್, ಇದು ಆಫೀಸಿನದ್ದು."

"ಆಫೀಸಿನಲ್ಲೂ ಮಾಸ್ಟ್ರು ಉಂಟಾ?"

"ಉಂಟು," ಎಂದೆ. ಬೇರೆ ಎಂತ ಹೇಳುವುದು?

ಉಡುಪಿಯಲ್ಲಿ ಇಳಿಯುವಾಗ ಅವರು ಮೆಲ್ಲಗೆ ಹೇಳಿದರು: "ಅರ್ಧ ಆಗಿದ್ದರೂ ಕೊಡಲಿಕ್ಕೆ ಹೇಳಿ. ನಾನಂತೂ ಅರ್ಧಕ್ಕೆ ಅರ್ಧ ಮಾರ್ಕು ಕೊಡ್ತಿದ್ದೆ."

ದೋಸೆ

ಕಾಪುವಿನ ಒಂದು ಹೋಟೆಲಿಗೆ ಮೊಬೈಲಿನಲ್ಲಿ ನೋಡಿ ಆರ್ಡರ್ ಮಾಡುವ ಮೆನು ತಯಾರಾಗುತ್ತಿತ್ತು. ಅದನ್ನು ಬರೆಯುತ್ತಿದ್ದವರು, ಪರೀಕ್ಷೆಗೆಂದು ಬಾಯಿಗೆ ಬಂದ ಹೆಸರು ಹಾಕಿದ್ದರು: "ಎಂತದೋ ಒಂದು ದೋಸೆ". ರೇಟೂ ಹಾಕಿ, ಸ್ಟ್ಯಾಶ್ ಮಾಡಿ, ಬೇರೆ ಕೆಲಸಕ್ಕೆ ಹೋದರು. ಆಮೇಲೆ ಅದನ್ನು ಹೊರಗೆ ತೆಗೆದದ್ದು ತಪ್ಪು ಜಾಗದಲ್ಲಿ, ಮುಗಿದ ಕೆಲಸದ ನಡುವೆ. ನೋಡದೆ, ಉಳಿದದ್ದರ ಜೊತೆ ಹೋಟೆಲಿಗೆ ಕಳಿಸಿಯೂ ಬಿಟ್ಟರು.

ನನಗೆ ವಿಷಯ ತಿಳಿದದ್ದು ಮರುದಿನ ಬೆಳಿಗ್ಗೆ. ಆ ಹೋಟೆಲಿನ ಧಣಿಗಳು ಬಿಲ್ಲಿನಲ್ಲಿ ಒಂದು ಅಕ್ಷರ ತಪ್ಪಿದರೂ "ಬೇರೆಯವರನ್ನು ನೋಡ್ತೇನೆ" ಎನ್ನುವವರು. ಹೆದರುತ್ತಲೇ ಫೋನ್ ಮಾಡಿದೆ.

"ಸಾರ್, ಮೆನುವಿನಲ್ಲಿ ಒಂದು ತಪ್ಪು ಹೆಸರು ಬಂದಿದೆ. ಈಗಲೇ ತೆಗೀತೇವೆ."

"ಯಾವುದು, ಎಂತದೋ ಒಂದು ದೋಸೆಯಾ? ಮುಟ್ಟಬೇಡಿ! ಒಳ್ಳೆ ಹೋಗ್ತಾ ಉಂಟು."

"ಜನ ಅದನ್ನು ಆರ್ಡರ್ ಮಾಡ್ತಾರಾ?"

"ಎಂತ ಬೇಕು ಕೇಳಿದರೆ 'ಎಂತದಾದ್ರೂ ಒಂದು' ಅನ್ನುವವರೇ ಅಲ್ವಾ ಎಲ್ಲ? ಈಗ ಅವರಿಗೂ ಸುಲಭ, ನಮಗೂ ಸುಲಭ."

"ಅದರೊಳಗೆ ಎಂತ ಹಾಕ್ತೀರಿ ಸಾರ್?"

"ಅಡುಗೆಭಟ್ಟರ ಕೈಗೆ ಎಂತ ಸಿಗ್ತದೋ ಅದು."

ಆಫೀಸಿನಲ್ಲಿ ಎಲ್ಲರೂ ನಿರಾಳವಾಗಿ ಚಹಾ ಕುಡಿದೆವು. ಮಧ್ಯಾಹ್ನ ಧಣಿಗಳೇ ಫೋನ್ ಮಾಡಿದರು. ಈ ಸಲ ಸ್ವರ ಬಿಸಿಯಾಗಿತ್ತು.

"ಒಬ್ಬರು ಗಿರಾಕಿ ಜಗಳಕ್ಕೆ ನಿಂತಿದ್ದಾರೆ ಮಾರಾಯ್ರೇ. ದೋಸೆ ವಾಪಸ್ ಕಳಿಸಿದರು."

"ಯಾಕೆ ಸಾರ್, ಚೆನ್ನಾಗಿರಲಿಲ್ಲವಾ?"

"ಚೆನ್ನಾಗಿತ್ತಂತೆ. ಆದರೆ 'ಇದು ಎಂತದೋ ಒಂದು ದೋಸೆ ಅಲ್ಲ, ಬರೀ ಮಸಾಲೆದೋಸೆ. ನನಗೆ ಮೋಸ ಮಾಡ್ತೀರಾ?' ಅಂತ ಕೇಳ್ತಾರೆ!"