ಜ್ವರವಿಲ್ಲದ ಮನೆಯಲ್ಲಿ ಬ್ರೆಡ್ಡು

ಎಲ್ಲರ ಮನೆಯಲ್ಲೂ ಹಿಟ್ಟು ಉಬ್ಬುತ್ತದೆ, ಬೇಯುತ್ತದೆ, ಜನ ತಿಂದು ಕೈ ತೊಳೆದುಕೊಳ್ಳುತ್ತಾರೆ. ನಾನು ಹಿಟ್ಟು ಮುಟ್ಟಿದರೆ ಮಾತ್ರ ಏನಾದರೊಂದು ಆಗಿಯೇ ಆಗುತ್ತದೆ. ನನ್ನ ಕೈಗುಣವೇ ಅಂಥದ್ದು.

ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಆದರೆ ದೆಹಲಿಯ ಒಂದು ಸರ್ಕಾರಿ ಕಚೇರಿಯ ಕ್ಯಾಂಟೀನಿನಲ್ಲಿ ಮೂವತ್ತು ವರ್ಷ ಒಲೆ ಮುಂದೆ ನಿಂತವನು. ನನ್ನ ವಡೆ ಎಣ್ಣೆಗೆ ಬಿದ್ದ ಸದ್ದು ಕೇಳಿದರೆ ನಾಲ್ಕನೇ ಮಹಡಿಯ ದೊಡ್ಡ ಸಾಹೇಬರು ಮೀಟಿಂಗು ಬಿಟ್ಟು ಇಳಿದು ಬರುತ್ತಿದ್ದರು. ಈಗ ಕಿದ್ವಾಯಿ ನಗರದ ಕ್ವಾರ್ಟರ್ಸ್ ಬಿಟ್ಟು ನೋಯ್ಡಾದಲ್ಲಿ ಮಗನ ಫ್ಲಾಟಿನಲ್ಲಿದ್ದೇವೆ. ಒಂದು ದಿನ ಮೊಮ್ಮಗಳು ಫೋನಿನಲ್ಲಿ ಯಾರೋ ಫಾರಿನ್ನಿನವನು ಮುಚ್ಚಳದ ಮಡಕೆಯಲ್ಲಿ ಬ್ರೆಡ್ ಸುಡುವುದನ್ನು ತೋರಿಸಿದಳು. ಮೇಲೆ ಗರಿಗರಿ, ಒಳಗೆ ಹತ್ತಿ. "ಇದೇನು ಮಹಾ" ಅಂದೆ. ಮಾರನೇ ದಿನವೇ ಹಿಟ್ಟು ಹುಳಿ ಬರಿಸಲು ಇಟ್ಟೆ.

ನನ್ನ ಹೆಂಡತಿ ಮಾತ್ರ ಒಂದು ಚೂರೂ ಬಾಯಿಗೆ ಹಾಕುವುದಿಲ್ಲವೆಂದು ಮೊದಲೇ ಹೇಳಿಬಿಟ್ಟಳು. "ಬ್ರೆಡ್ಡು ಅಂದ್ರೆ ಜ್ವರ ಬಂದೋರು ಹಾಲಲ್ಲಿ ಅದ್ದಿ ತಿನ್ನೋದು. ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ" ಅಂದಳು. ಸಾಹೇಬರುಗಳು ಹೊಗಳಿದ ಕೈಯನ್ನು ಮದುವೆಯಾದಾಗಿನಿಂದ ಇವಳು ಒಂದು ಸಲವೂ ಹೊಗಳಿದ್ದಿಲ್ಲ. ಇವಳ ಬಾಯಲ್ಲಿ "ಚೆನ್ನಾಗಿದೆ" ಅನ್ನಿಸಲೇಬೇಕೆಂದು ಅವತ್ತೇ ಹಟ ಹಿಡಿದೆ.

೧. ಮಡಕೆಯ ಢಂ

ರಸ್ತೆ ಬದಿಯ ಕುಂಬಾರನ ಹತ್ತಿರ ಮುಚ್ಚಳವಿರುವ ದಪ್ಪ ಮಡಕೆ ಕೇಳಿದೆ. "ಬಿರಿಯಾನಿಗಾ ಚಾಚಾ?" ಅಂದ. "ಬ್ರೆಡ್ಡಿಗೆ" ಅಂದೆ. ಅವನು ಪಕ್ಕದವನ ಮುಖ ನೋಡಿದ. ಪಕ್ಕದವನು, "ವಯಸ್ಸಾಗಿದೆ, ಕೇಳಿದ್ದು ಕೊಟ್ಟು ಕಳಿಸು" ಅಂದ.

ಮನೆಗೆ ತಂದು, ಸೊಸೆ ಕೇಕಿಗೆಂದು ಇಟ್ಟುಕೊಂಡಿದ್ದ ಓವನ್ನನ್ನು ಕೆಂಡದ ಹಾಗೆ ಕಾಯಿಸಿ, ಹಿಟ್ಟು ತುಂಬಿದ ಮಡಕೆ ಒಳಗಿಟ್ಟೆ. ಐದು ನಿಮಿಷವಾಗಿರಲಿಲ್ಲ, ಢಂ ಅಂತ ಸದ್ದು. ಎದುರು ಟವರಿನ ಪಾರಿವಾಳಗಳೆಲ್ಲ ಎದ್ದುಹೋದವು, ಸಂಜೆಯವರೆಗೂ ವಾಪಸು ಬರಲಿಲ್ಲ. ಗೇಟಿನಿಂದ ಗಾರ್ಡ್ ಓಡಿ ಬಂದು, "ಸಿಲಿಂಡರಾ ಅಂಕಲ್?" ಅಂದ. ನಾನು ಗಂಭೀರವಾಗಿ ಹೇಳಿದೆ, "ಇಲ್ಲ ಭಯ್ಯಾ. ನನ್ನ ಹಿಟ್ಟಿನ ಜೋರು ಮಡಕೆಗೆ ತಡೆಯಲಿಲ್ಲ."

ಒಳಗಿನಿಂದ ಹೆಂಡತಿ ಅಂದಳು, "ಹೊಸಾ ಮಡಕೆ ನೀರಲ್ಲಿ ನೆನೆಹಾಕದೆ ಕಾದ ಒಲೆಗಿಟ್ರೆ ಹಿಟ್ಟಿಲ್ಲದೇನೇ ಒಡೆಯತ್ತೆ ಅಂತ ಅವನಿಗೂ ಹೇಳಿ."

೨. ರಜಾಯಿಯೊಳಗೆ

ಜನವರಿಯ ಚಳಿಯಲ್ಲಿ ಇಲ್ಲಿ ದೋಸೆ ಹಿಟ್ಟೇ ಉಬ್ಬುವುದಿಲ್ಲ. ದೆಹಲಿಯ ಕನ್ನಡದವರೆಲ್ಲ ಪಾತ್ರೆಗೆ ಸ್ವೆಟರು ತೊಡಿಸಿ ದಪ್ಪ ಹತ್ತಿ ಹೊದಿಕೆ ರಜಾಯಿಯೊಳಗೆ ಮಲಗಿಸುವವರೇ. ನಾನೂ ಬ್ರೆಡ್ಡಿನ ಹಿಟ್ಟನ್ನು ಬಟ್ಟೆಯಲ್ಲಿ ಸುತ್ತಿ ಮಂಚದ ಮೇಲೆ ರಜಾಯಿಯೊಳಗೆ ಮಲಗಿಸಿದೆ.

ಮಧ್ಯಾಹ್ನ ಹೆಂಡತಿಯ ಭಜನೆ ಗೆಳತಿಯೊಬ್ಬರು ಬಂದರು. ತೂಕದ ಹೆಂಗಸು. ಸೀದಾ ಹೋಗಿ ಆ ರಜಾಯಿಯ ಮೇಲೇ ಕೂತುಬಿಟ್ಟರು. ಏಳಿ ಅನ್ನುವುದು ಹೇಗೆ? ನಾನು ಬಾಗಿಲ ಹತ್ತಿರ ನಿಂತು ಕೈ ಹಿಸುಕಿಕೊಳ್ಳುತ್ತಿದ್ದೆ. ಅವರು ಎರಡು ಲೋಟ ಟೀ ಕುಡಿದರು, ತಮ್ಮ ಸೊಸೆಯನ್ನು ಬೈದರು, ಮಗನನ್ನು ಹೊಗಳಿದರು. "ನಿಮ್ಮ ಮಂಚ ಬಹಳ ಬೆಚ್ಚಗಿದೆ ಕಣ್ರೀ" ಅಂತ ಇನ್ನೂ ಒಂದು ಗಂಟೆ ಕೂತರು.

ಹಿಟ್ಟು ಸತ್ತೇ ಹೋಯಿತು ಅಂತ ನೀವು ತಿಳಿದಿರಬಹುದು. ನನ್ನ ಹಿಟ್ಟು ಹಾಗೆಲ್ಲ ಸಾಯುವಂಥದ್ದಲ್ಲ. ಆಕೆ ಎದ್ದು ಹೋಗುವ ಹೊತ್ತಿಗೆ, ಬಂದಾಗ ಕೂತಿದ್ದಕ್ಕಿಂತ ನಾಲ್ಕು ಬೆರಳು ಎತ್ತರದಲ್ಲಿ ಕೂತಿದ್ದರು.

೩. ಮೆಟ್ರೊದಲ್ಲಿ ತಪಾಸಣೆ

ನನ್ನ ಮಾತು ಹೆಂಡತಿ ನಂಬುವುದಿಲ್ಲ, ಓದಿದವರ ಮಾತು ನಂಬುತ್ತಾಳೆ. ಅಕ್ಕನ ಮೊಮ್ಮಗ ಓಲ್ಡ್ ರಾಜಿಂದರ್ ನಗರದಲ್ಲಿ ರೂಮು ಮಾಡಿಕೊಂಡು ಐಎಎಸ್‌ಗೆ ಓದುತ್ತಿದ್ದಾನೆ. ಅವನು ತಿಂದು ಫೋನಿನಲ್ಲಿ ನಾಲ್ಕು ಒಳ್ಳೆ ಮಾತು ಹೇಳಲಿ ಅಂತ, ಓವನ್ನಿನಿಂದ ತೆಗೆದ ಬ್ರೆಡ್ಡನ್ನು ಎರಡನೇ ಸಲ ಕೊಂಡ ಮಡಕೆಯ ಸಮೇತ ಟವೆಲಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿ ಮೆಟ್ರೊಗೆ ಹೊರಟೆ.

ಚೀಲ ಮೆಷೀನಿನೊಳಗೆ ಹೋಯಿತು, ಪಟ್ಟಿ ನಿಂತಿತು. ಕಾವಲಿಗಿದ್ದ ಪೊಲೀಸು ಜವಾನ ಪರದೆ ನೋಡಿ, ನನ್ನ ನೋಡಿ, "ಅಂಕಲ್, ಈ ಮಡಕೆಯಲ್ಲಿ ಏನಿದೆ?" ಅಂದ.

"ಬ್ರೆಡ್ಡು."

"ಬ್ರೆಡ್ಡು ಪ್ಯಾಕೆಟ್ಟಿನಲ್ಲಿರುತ್ತೆ."

"ಪಾಪ, ನೀವು ಅದನ್ನೇ ತಿಂದು ಬೆಳೆದವರು" ಅಂದು ಮುಚ್ಚಳ ತೆಗೆದೆ. ಹೊಗೆಯಾಡುತ್ತಿತ್ತು. "ಮೊದಲು ನೀವು ತಿಂದು ತೋರಿಸಿ" ಅಂದ. ಮುರಿದೆ, ಚಟಚಟ ಸದ್ದಾಯಿತು. ಆ ವಾಸನೆಗೆ ಹಿಂದಿನ ಸಾಲು ಮುಂದೆ ಬಂತು. ಒಬ್ಬಳು ಹುಡುಗಿ "ಅಂಕಲ್, ಥೋಡಾಸಾ?" ಅಂತ ಒಂದು ಚೂರು ಕೇಳಿದಳು. ಅವಳಿಗೆ ಕೊಟ್ಟೆ. ಅವಳಿಗೆ ಕೊಟ್ಟ ಮೇಲೆ ಇನ್ನೊಬ್ಬರಿಗೆ ಇಲ್ಲ ಅನ್ನಲಾದೀತೇ? ಇನ್ನೂರು ಜನಕ್ಕಾದರೂ ಹಂಚಿದ್ದೇನೆ. ಜವಾನ ಮಾತ್ರ, ಡ್ಯೂಟಿಯಲ್ಲಿ ತಿನ್ನುವ ಹಾಗಿಲ್ಲ ಅಂದು ವಾಸನೆಯನ್ನೇ ಮೂರು ಸಲ ತೆಗೆದುಕೊಂಡು ಕಳಿಸಿದ.

ಹುಡುಗನ ರೂಮಿಗೆ ಹೋಗಿ ಚೀಲ ಬಿಚ್ಚಿದರೆ ಬರೀ ಮಡಕೆ. ಅವನು ಒಳ್ಳೆಯವನು, ತಾತನ ಮಾನ ಕಳೆಯಬಾರದು ಅಂತ ಅಲ್ಲೇ ಫೋನು ಹಚ್ಚಿ ಹೇಳಿದ: "ಅಜ್ಜಿ, ಮಡಕೆ ತುಂಬಾ ಚೆನ್ನಾಗಿದೆ."

೪. ಕಿತ್ತಳೆ ತಂದವರು

ಕೆಳಗಿನ ಮಹಡಿಗೆ ಹುಬ್ಬಳ್ಳಿ ಕಡೆಯ ದಂಪತಿ ಬಂದು ಹದಿನೈದು ದಿನವಾಗಿತ್ತು. ಒಂದು ಸಂಜೆ ಎರಡು ಕಿಲೋ ಕಿತ್ತಳೆ ಹಿಡಿದು ಬಾಗಿಲಿಗೆ ಬಂದರು. ಇಬ್ಬರ ಮುಖವೂ ಬಾಡಿತ್ತು. ಗಂಡ ಸಣ್ಣ ದನಿಯಲ್ಲಿ, "ಯಾರಿಗ್ರಿ ಆರಾಮಿಲ್ಲ?" ಅಂದರು.

"ಎಲ್ಲರೂ ಗಟ್ಟಿಮುಟ್ಟಾಗಿದ್ದೇವಲ್ಲ" ಅಂದೆ.

"ಮುಚ್ಚಿಡಬ್ಯಾಡ್ರಿ. ದಿನಾ ನಿಮ್ಮ ಮನಿಯಿಂದ ಬ್ರೆಡ್ ವಾಸನಿ ಬರ್ತದ. ಹದಿನೈದು ದಿನಾತು. ಇಷ್ಟು ದಿನ ಬರೇ ಬ್ರೆಡ್ ಮ್ಯಾಲೆ ಇದ್ದಾರಂದ್ರ ದೊಡ್ಡ ಬ್ಯಾನಿನೇ ಇರಬೇಕು."

ನನ್ನ ಹೆಂಡತಿ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಅದನ್ನು ಕಂಡು ಆ ಹೆಣ್ಣುಮಗಳು ಇವಳ ಬೆನ್ನು ಸವರಿ, "ಅಳಬ್ಯಾಡ್ರಿ, ಯಜಮಾನರು ಆರಾಮ ಆಗ್ತಾರ" ಅಂದರು.

೫. ಕೊನೆಗೂ ಜ್ವರ ಬಂತು

ಹೋಳಿಯ ಆಸುಪಾಸು ಹವಾ ಬದಲಾಗಿ ಹೆಂಡತಿಗೆ ಜ್ವರ ಬಂತು. ನನಗೆ ಖುಷಿಯಾಯಿತು ಅಂದರೆ ನೀವು ಬೈಯುತ್ತೀರಿ. ಡಾಕ್ಟರು ಮಾಮೂಲಿ ಜ್ವರ ಅಂದ ಮೇಲೆಯೇ ಖುಷಿಯಾದದ್ದು.

ಅವತ್ತು ಸುಟ್ಟಂಥ ಬ್ರೆಡ್ಡನ್ನು ನನ್ನ ಜನ್ಮದಲ್ಲಿ ಸುಟ್ಟಿಲ್ಲ. ಬಂಗಾರದ ಬಣ್ಣ, ಬೆರಳಲ್ಲಿ ತಟ್ಟಿದರೆ ತಬಲಾ. ತಟ್ಟೆಯಲ್ಲಿಟ್ಟು ಬಿಸಿ ಹಾಲಿನ ಜೊತೆ ಮಂಚದ ಹತ್ತಿರ ಹೋದೆ. "ತಗೋ. ಈಗ ಜ್ವರ ಬಂದಿದೆಯಲ್ಲ."

ಅವಳು ಒಂದು ಕಣ್ಣು ತೆರೆದು ನೋಡಿದಳು. "ಇದನ್ನ ಅಗಿಯೋಕೆ ಆರೋಗ್ಯ ಬೇಕು. ಜ್ವರಕ್ಕೆ ಅಂಗಡಿ ಬ್ರೆಡ್ಡೇ ಆಗ್ಬೇಕು, ಮೆತ್ತಗಿರೋದು. ತಂದ್ಕೊಡಿ."

ಮೊಮ್ಮಗಳು ಪಕ್ಕದಲ್ಲೇ ಇದ್ದಳು. "ತಾತಾ, ಯೂ ಲಾಸ್ಟ್" ಅಂದಳು. ನಾನು ಚಪ್ಪಲಿ ಮೆಟ್ಟಿ ಕೆಳಗಿಳಿದೆ. ಅಂಗಡಿ ಬ್ರೆಡ್ಡು ತಿನ್ನುವವರಿಗೆ ಹಲ್ಲು ಯಾಕೆ ಅಂತ ಇಡೀ ಅಪಾರ್ಟ್‌ಮೆಂಟ್ ಸೊಸೈಟಿಗೆ ಭಾಷಣ ಮಾಡಿದ್ದವನು ನಾನು. ಆ ಪ್ಯಾಕೆಟ್ಟನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಲಿಫ್ಟು ಹತ್ತಿದೆ. ಲಿಫ್ಟಿನಲ್ಲಿದ್ದ ಪಂಜಾಬಿ ಮುದುಕ ನನ್ನ ಹೊಟ್ಟೆ ನೋಡಿ, "ಗ್ಯಾಸಾ?" ಅಂದ. ಹೂಂ ಅಂದೆ.

ಬಾಗಿಲು ತೆರೆದರೆ ಒಗ್ಗರಣೆ ಘಮ. ಮಂಚ ಖಾಲಿ. ಹೆಂಡತಿ ಶಾಲು ಹೊದ್ದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಬಾಣಲೆಯಿಂದಲೇ ಏನೋ ತಿನ್ನುತ್ತಿದ್ದಾಳೆ. ಎದುರಿಗೆ ಮೊಮ್ಮಗಳು ಇನ್ನೊಂದು ಚಮಚ ಹಿಡಿದು ಕೂತಿದ್ದಾಳೆ.

"ಏನೇ ಅದು?"

"ಬ್ರೆಡ್ಡಿನ ಉಪ್ಪಿಟ್ಟು. ಅಷ್ಟು ದೊಡ್ಡದನ್ನ ಸುಮ್ನೆ ಬಿಸಾಡೋಕಾಗತ್ತಾ? ಪುಡಿ ಮಾಡಿ ಈರುಳ್ಳಿ, ಹಸಿಮೆಣಸು, ಕರಿಬೇವು ಹಾಕಿದೆ."

ಸ್ಟೂಲಿನ ಹತ್ತಿರ ಹೋಗಿ ಕೇಳಿದೆ, "ಹೇಗಿದೆ?"

ಅವಳು ಇನ್ನೊಂದು ಚಮಚ ಬಾಯಿಗಿಟ್ಟು, ನಿಧಾನವಾಗಿ ಅಗಿದು ಹೇಳಿದಳು: "ಅಂಗಡಿ ಬ್ರೆಡ್ಡಲ್ಲಿ ಮಾಡಿದ್ರೆ ಮುದ್ದೆ ಆಗತ್ತೆ. ಇದು ಉದುರುದುರಾಗಿ ಬಂದಿದೆ. ಚೆನ್ನಾಗಿದೆ. ನಾಳೆಗೂ ಒಂದು ಸುಟ್ಟಿಡಿ."

ಚೆನ್ನಾಗಿದೆ! ದೊಡ್ಡ ಸಾಹೇಬರು ಎದ್ದು ಬಂದು ಸಲಾಮು ಹೊಡೆದಿದ್ದರೂ ಅಷ್ಟು ಸಂತೋಷವಾಗುತ್ತಿರಲಿಲ್ಲ. ಒಂದು ತಟ್ಟೆ ತೆಗೆದುಕೊಂಡು ಬಾಣಲೆಗೆ ಬಗ್ಗಿದೆ. ತಳದಲ್ಲಿ ಎರಡು ಕರಿಬೇವಿನ ಎಲೆ ಇದ್ದವು.

ಸಂಜೆಯ ಹೊತ್ತಿಗೆ ಅವಳ ಜ್ವರ ಇಳಿಯಿತು. ಅಂಗಡಿ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿಕೊಂಡು ನಾನು ತಿಂದೆ.